ನಾಲ್ಕು ಡಿಗ್ರಿ ತಡ

"ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದೆ ಇಂದುಧರಣ್ಣ, ಗಾಡಿ ಯೋಚನೆ ಮಾಡ್ತಾ ನಿಂತುಬಿಡ್ತು," ಎಂದಳು ಹೇಮಲತಾ. "ಹೋಗ್ಲೋ ಬೇಡ್ವೋ ಅಂತ. ಎದುರಿಗೆ ಬಸ್ಸು, ಪಕ್ಕದಲ್ಲಿ ತೆಂಗಿನಕಾಯಿ ಟ್ರಾಕ್ಟರು, ಮಧ್ಯೆ ನಾನು."

"ಆಮೇಲೆ?"

"ಆಮೇಲೇನು, ಬಸ್ಸಿನೋನು ಮಣ್ಣಿಗಿಳಿಸಿ ನನ್ನನ್ನ ಉಳಿಸ್ದ. ಉಳಿಸಿ, ಕಿಟಕಿಯಿಂದ ತಲೆ ಆಚೆ ಹಾಕಿ ನಮ್ಮಪ್ಪನ ಹೆಸರು ಕೇಳ್ದ."

ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವ ರಸ್ತೆಯ ಮೊದಲಿಗೇ ಇಂದುಧರನ ಗ್ಯಾರೇಜು. ಹೇಮಲತಾ ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಗಂಡ ಶರತ್ಚಂದ್ರನಿಗೆ ಊರಿನಲ್ಲಿ ಕೊಬ್ಬರಿ ಮಂಡಿ. ಮೂರು ವರ್ಷದಿಂದ ಅವಳು ತನ್ನ ಸಣ್ಣ ಪೆಟ್ರೋಲ್ ಕಾರಿನಲ್ಲಿ ಜಾವಗಲ್ ಮೇಲೆ ಹಾಯ್ದು ದಿನವೂ ಶಾಲೆಗೆ ಹೋಗಿಬರುತ್ತಿದ್ದಳು. ಆ ಬಸ್ಸಿನ ದಿನದ ಮೇಲೆ ಮುಂದಿನ ವಾಹನ ಎಷ್ಟೇ ನಿಧಾನವಿರಲಿ, ಅದರ ಹಿಂದೆಯೇ ಹೋಗಿ ಹೋಗಿ ಎರಡು ಸಲ ಪ್ರಾರ್ಥನೆಗೆ ತಡವಾಗಿತ್ತು.

"ಇವ್ರು ಗಾಡಿ ಮಾರಿ ಬಸ್ಸಲ್ಲಿ ಹೋಗು ಅಂತಾರೆ," ಎಂದಳು. "ನಾನು ಓಡ್ಸೋದು ಸರಿ ಇಲ್ವೋ, ಗಾಡಿ ಸರಿ ಇಲ್ವೋ, ಅಷ್ಟು ಹೇಳಿಬಿಡಿ ಸಾಕು."

ಒಳಗಿನಿಂದ ಶಶಿಕಿರಣ್ ಬಂದ. ಇಂದುಧರನ ಅಕ್ಕನ ಮಗ, ಇಪ್ಪತ್ತೊಂಬತ್ತರ ಪ್ರಾಯ. ಸ್ಪ್ಯಾನರು ಹಿಡಿಯುವುದು ಮಾವನ ಕೆಲಸ, ಲ್ಯಾಪ್‌ಟಾಪು ಹಿಡಿಯುವುದು ಇವನದು ಎಂದು ಗ್ಯಾರೇಜು ಈಗ ಎರಡು ಪಾಲಾಗಿತ್ತು.

"ಇದಕ್ಕೆ ಟರ್ಬೊ ಲ್ಯಾಗ್ ಅಂತಾರೆ ಮೇಡಂ," ಎಂದ ಅವನು. "ಎಂಜಿನ್ನಿಂದ ಹೊಗೆ ಹೊರಗೆ ನುಗ್ತದಲ್ಲ, ಆ ರಭಸಕ್ಕೆ ಒಂದು ಚಕ್ರ ತಿರುಗಿ ಗಾಳಿನ ಒಳಕ್ಕೆ ತುಂಬ್ತದೆ. ಗಾಳಿ ತುಂಬಿದ್ರೇನೇ ಗಾಡಿಗೆ ಜೋರು. ನೀವು ಟ್ರಾಕ್ಟರ್ ಹಿಂದೆ ನಿಧಾನಕ್ಕೆ ಹೋಗ್ತಿರೋವಾಗ ಹೊಗೆ ಕಮ್ಮಿ, ಚಕ್ರ ಮಲಗಿರ್ತದೆ. ಕಾಲು ಒತ್ತಿದ್ಮೇಲೆ ಅದು ಎದ್ದು, ಮುಖ ತೊಳ್ಕೊಂಡು ಬರಬೇಕು."

"ನಮ್ಮ ಎಂಟನೇ ಕ್ಲಾಸಿನ ಕೊನೇ ಬೆಂಚಿನ ಥರ."

"ಹೂಂ. ಅದನ್ನ ಬೇಗ ಎಬ್ಬಿಸಬಹುದು. ಬಿಟ್ಟು ಹೋಗಿ."

ಹೋಗುವಾಗ ಅವಳು ಇಂದುಧರನ ಕಡೆ ತಿರುಗಿ, "ಕೊನೆಗೆ ನೀವು ಹ್ಞೂಂ ಅಂದ್ರೇನೇ ನಾನು ಹತ್ತೋದು," ಎಂದಳು.

ಆ ಮಾತನ್ನು ಎಲ್ಲರೂ ಹೇಳುತ್ತಿದ್ದರು. ಇಂದುಧರನ ತಂದೆ ಮಠದಲ್ಲಿ ಕಾವ್ಯ ಓದುತ್ತಿದ್ದವರು. ಸಂಜೆ ಮನೆಯಲ್ಲಿ ರಾಗ ಕೂಡಿಸಿಕೊಳ್ಳುವಾಗ ಮಗನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಒಂದೊಂದು ಪದ್ಯ ಮುಗಿದಾಗಲೂ ಹುಡುಗ ಹ್ಞೂಂ ಅನ್ನಬೇಕು. ಒಂದಕ್ಷರ ಕಿವಿಗೆ ಬೀಳದೆ ಹೋದರೂ ಅನ್ನಬಾರದು. ಅನ್ನದಿದ್ದರೆ ಅವರು ಸಿಟ್ಟಾಗುತ್ತಿರಲಿಲ್ಲ, ಪದ್ಯವನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಮಾತ್ರ, ಕೇಳಿಸಿಕೊಳ್ಳದೆ ಹ್ಞೂಂ ಎಂದ ದಿನ, ಪುಸ್ತಕ ಮುಚ್ಚಿ ಎದ್ದು ಹೋಗಿದ್ದರು.

ಆ ಅಭ್ಯಾಸವೇ ಮುಂದೆ ಗ್ಯಾರೇಜಿಗೂ ಬಂತು. ರಿಪೇರಿ ಮುಗಿದ ಪ್ರತಿ ಗಾಡಿಯನ್ನೂ ಇಂದುಧರ ಜಾವಗಲ್ ರಸ್ತೆಯಲ್ಲಿ ಒಂದು ಸುತ್ತು ಒಯ್ಯುತ್ತಿದ್ದ. ರೇಡಿಯೊ ಇಲ್ಲ, ಫ್ಯಾನಿಲ್ಲ, ಜೊತೆಗೆ ಯಾರೂ ಇಲ್ಲ. ವಾಪಸು ಬಂದು ಕೀಲಿ ಕೊಡುತ್ತ ಹ್ಞೂಂ ಎಂದರೆ ಸರಿ, ಸುಮ್ಮನಿದ್ದರೆ ಗಾಡಿ ಮತ್ತೆ ಬಿಚ್ಚಬೇಕು. ಬೇಲೂರಿನ ಟ್ಯಾಕ್ಸಿಯವರು ಹಾಸನ ಬಿಟ್ಟು ಇಲ್ಲಿಗೆ ಬರುತ್ತಿದ್ದದ್ದು ಆ ಒಂದು ಸದ್ದಿಗಾಗಿ.

ಮೊದಲು ಗಾಳಿ ಎಲ್ಲಾದರೂ ಸೋರುತ್ತಿದೆಯೇ ನೋಡಬೇಕಿತ್ತು. ಟರ್ಬೊ ತುಂಬಿಸುವ ಗಾಳಿ ದಾರಿಯಲ್ಲೇ ಸೋರಿದರೂ ಗಾಡಿ ಹೀಗೇ ತಡವರಿಸುತ್ತದೆ. ಇಂದುಧರ ಪೈಪುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ.

"ಸೋಪ್ ನೀರು ಯಾಕೆ ಮಾವ?" ಎಂದ ಶಶಿಕಿರಣ್. "ಸೋರೋ ಸದ್ದು ನೀವು ಕಿವೀಲೇ ಹಿಡೀತಿದ್ರಲ್ಲ."

"ಒಂದಿನ ಕಣ್ಣಿಗೂ ಕೆಲ್ಸ ಕೊಡಾನ ಅಂತ ಕಣೋ."

ಒಂದು ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಬಿಗಿ ಮಾಡಿದರು. ತಡ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಕಿಡಿಯ ಲೆಕ್ಕ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಪಿಸ್ಟನ್ ಮೇಲಕ್ಕೆ ಬರುವುದಕ್ಕೆ ಎಷ್ಟು ಮೊದಲು ಹಾರಬೇಕು ಎಂಬುದನ್ನು ಈಗ ಕಾರಿನ ಕಂಪ್ಯೂಟರು ಹೇಳುತ್ತದೆ, ಆ ಕಂಪ್ಯೂಟರಿಗೆ ಶಶಿಕಿರಣ್ ಹೇಳುತ್ತಾನೆ. ಅವನು ಕೆಳಗಿನ ವೇಗಗಳಲ್ಲಿ ಕಿಡಿಯನ್ನು, ಎಂಜಿನ್ ಸುತ್ತುವ ಲೆಕ್ಕದಲ್ಲಿ, ಕೆಲವು ಡಿಗ್ರಿ ಮುಂಚೆ ಹಾರಿಸಿದ. ಟರ್ಬೊ ಏಳುವ ತನಕ ಎಂಜಿನ್ನೇ ಚುರುಕಾಗಿರಲಿ ಎಂಬ ಯೋಚನೆ. ಆದರೆ ಸಿಲಿಂಡರಿಗೆ ಅಂಟಿಕೊಂಡ ಸೆನ್ಸರು ಒಪ್ಪಲಿಲ್ಲ. ಇವನು ಮುಂದಿಟ್ಟದ್ದನ್ನೆಲ್ಲ ಅದು ಹಿಂದಕ್ಕೆಳೆಯಿತು. ಕಿಡಿ ಅತಿ ಮುಂಚೆ ಹಾರಿ ಪೆಟ್ರೋಲು ಒಳಗೇ ಸಿಡಿಯತೊಡಗಿದರೆ ಪಿಸ್ಟನ್ನಿಗೆ ಪೆಟ್ಟು. ಆ ಸಿಡಿತದ ಸದ್ದನ್ನು ಆಲಿಸುವುದೇ ಆ ಸೆನ್ಸರಿನ ಕೆಲಸ.

"ಎಂಜಿನ್ ಕೂತಿರೋ ರಬ್ಬರು ಸವೆದಿದೆ ಮಾವ. ಅದರ ಗಡಗಡನೇ ಸಿಡಿತ ಅಂದ್ಕೊಂಡು ಸೆನ್ಸರ್ ಹೆದರ್ಕೊಂಡಿದೆ," ಎಂದ. "ಹೊಸ ರಬ್ಬರು ಬರೋಕೆ ಒಂದು ವಾರ. ಅಲ್ಲಿವರ್ಗೂ ಸೆನ್ಸರ್ ಕಿವಿ ಸ್ವಲ್ಪ ಮಂದ ಮಾಡ್ತೀನಿ. ನಿಜವಾಗ್ಲೂ ಸಿಡಿದ್ರೆ ಹೇಳೋಕೆ ನೀವಿದೀರಲ್ಲ."

ಬೇರೆ ಯಾವ ಗ್ಯಾರೇಜಿನಲ್ಲೂ ಹಾಗೆ ಮಾಡುತ್ತಿರಲಿಲ್ಲ. ಇಲ್ಲಿ ಮಾತ್ರ ಸೆನ್ಸರಿಗಿಂತ ಮೇಲಿನ ಕಿವಿ ಒಂದಿತ್ತು.

ಇಂದುಧರ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ನಿಂತ. ಆಗ ಹೇಳಬಹುದಾಗಿತ್ತು. ತಿಂಗಳ ಹಿಂದೆ ಮಠಕ್ಕೆ ಬೇಲೂರಿನಿಂದ ಹೊಸ ಗಮಕಿಯೊಬ್ಬರು ಬಂದಿದ್ದರು. ತನಗೆ ಬಾಯಿಪಾಠವಿದ್ದ ಪದ್ಯಗಳನ್ನು ಓದುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಅವರು ಇವನು ಎಂದೂ ಕೇಳಿರದ ಪದ್ಯವೊಂದನ್ನು ಎತ್ತಿಕೊಂಡರು. ರಾಗ ಬಂತು, ಅಕ್ಷರ ಬರಲಿಲ್ಲ. ಸಕಾರ ಶಕಾರಗಳೆಲ್ಲ ಎಲ್ಲೋ ಉದುರಿಹೋಗಿ, ಮೆತ್ತಗಿನ ದನಿಯಷ್ಟೇ ತೇಲಿ ಬರುತ್ತಿತ್ತು. ಪಕ್ಕದವರು ತಲೆದೂಗಿದಾಗ ಅವನೂ ತೂಗಿದ. ಇಷ್ಟು ವರ್ಷ ಕೇಳುತ್ತಿದ್ದೇನೆ ಅಂದುಕೊಂಡದ್ದರಲ್ಲಿ ಎಷ್ಟು ಕಿವಿಯದು, ಎಷ್ಟು ನೆನಪಿನದು ಎಂದು ಅಂದಿನಿಂದ ಅವನಿಗೆ ತಿಳಿಯದಾಗಿತ್ತು. ಹೆಂಡತಿಗೂ ಹೇಳಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಆ ವಿಷಯ ಮನಸ್ಸಿಗೆ ಬಂದರೆ, ವಿಭೂತಿ ಹಚ್ಚಿದ ಕೈಯನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಕೂತಿರುತ್ತಿದ್ದ.

"ಏನ್ ಮಾವ, ಮಾಡ್ಲಾ?"

"ಮಾಡು," ಎಂದ ಇಂದುಧರ.

ಸಂಜೆ ಒಬ್ಬನೇ ಜಾವಗಲ್ ರಸ್ತೆಗೆ ಒಯ್ದ. ಕಾಲು ಒತ್ತಿದರೆ ಕಾರು ಹಗ್ಗ ಬಿಚ್ಚಿದ ಕರುವಿನಂತೆ ಹಾರಿತು. ಏರಿನಲ್ಲಿ ಮೂರನೇ ಗೇರಿನಲ್ಲಿ ಬೇಕೆಂದೇ ನಿಧಾನ ಮಾಡಿ, ಮತ್ತೆ ಒತ್ತಿದ. ಎಂಜಿನ್ನಿನ ದಪ್ಪ ದನಿ ಕೇಳಿಸಿತು, ಟೈರು ಕೇಳಿಸಿತು. ಬೇರೇನೂ ಕೇಳಿಸಲಿಲ್ಲ. ಏನೂ ಇರಲಿಲ್ಲವೋ, ಇದ್ದದ್ದು ತನಗೆ ಬರಲಿಲ್ಲವೋ? ಮರಳಿ ಬಂದಾಗ ಹೇಮಲತಾ ಗ್ಯಾರೇಜಿನ ಮುಂದೆ ಬ್ಯಾಗು ಹಿಡಿದು ಕಾಯುತ್ತಿದ್ದಳು. ಅವನು ಕೀಲಿ ಕೊಟ್ಟು ಹ್ಞೂಂ ಎಂದ.

ಮೂರನೇ ದಿನ ಮಧ್ಯಾಹ್ನ ಅವಳ ಫೋನು ಬಂತು.

"ಇಂದುಧರಣ್ಣ, ಇವತ್ತು ಎರಡು ಬಸ್ಸು, ಒಂದು ಲಾರಿ. ಮೂರನ್ನೂ ಹಿಂದೆ ಹಾಕ್ದೆ. ನಿನ್ನೆನೇ ಮನೇಲಿ ಇವ್ರಿಗೂ ಹೇಳ್ದೆ, ಗಾಡಿ ಮಾರೋ ಮಾತು ಇನ್ನು ಎತ್ತಬೇಡಿ ಅಂತ."

"ಒಳ್ಳೇದಾಯ್ತು ಟೀಚರಮ್ಮ."

"ಒಂದು ಸಣ್ಣ ವಿಷಯ. ಏರಲ್ಲಿ ಕಾಲು ಒತ್ತಿದ್ರೆ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಒಂದು ಚಟಚಟ. ನೀವು ಹ್ಞೂಂ ಅಂದಿದೀರಲ್ಲ, ಏನೂ ಇರಲ್ಲ ಅಂತ ನಾನು ತಲೆಗೆ ಹಾಕ್ಕೊಂಡಿಲ್ಲ."

ಇಂದುಧರ ಸ್ಟೂಲಿನ ಮೇಲೆ ಕೂತ. ಸಾಸಿವೆ ಸಿಡಿದ ಸದ್ದು. ಮೂವತ್ತು ವರ್ಷದಿಂದ ಆ ಸದ್ದಿಗಾಗಿಯೇ ಅವನು ಆ ರಸ್ತೆಯಲ್ಲಿ ಕಿವಿ ಇಟ್ಟುಕೊಂಡು ಓಡಾಡಿದ್ದ. ಅದು ಹೀಗೇ ಮುಂದುವರಿದರೆ ಯಾವುದೋ ಒಂದು ದಿನ, ಲಾರಿಯ ಪಕ್ಕದಲ್ಲಿ, ಅರ್ಧ ದಾರಿಯಲ್ಲಿ, ಪಿಸ್ಟನ್ನಿನ ತಲೆ ಒಡೆದು ಕಾರು ಸತ್ತುಹೋಗುತ್ತದೆ.

"ನೀವು ಗಾಡಿ ಮುಟ್ಟಬ್ಯಾಡಿ," ಎಂದ. "ಸ್ಕೂಲಲ್ಲೇ ಇರಿ. ನಾನು ಬತ್ತೀನಿ."

ಶಶಿಕಿರಣ್‌ಗೆ ಏನೂ ಹೇಳದೆ ಬಸ್ಸು ಹತ್ತಿದ. ಹಳೇಬೀಡಿನಲ್ಲಿ ಇಳಿದಾಗ ಶಾಲೆ ಬಿಡುವ ಹೊತ್ತು. ದೇವಸ್ಥಾನದ ಕಡೆಯಿಂದ ಬಂದ ಪ್ರವಾಸಿಗರ ಬಸ್ಸು ರಸ್ತೆ ತುಂಬಿಕೊಂಡಿತ್ತು. ಹೇಮಲತಾ ಗೇಟಿನಲ್ಲಿ ನಿಂತಿದ್ದಳು.

"ಫೋನಲ್ಲೇ ಹೇಳಬಹುದಿತ್ತಲ್ಲ. ಅಷ್ಟು ದೂರದಿಂದ ಬಸ್ಸಲ್ಲಿ."

"ನೀವೇ ಓಡ್ಸಿ. ಮೆತ್ತಗೆ. ಸದ್ದು ಬರೋ ಜಾಗದಲ್ಲಿ ಒಂದೇ ಸಲ ಒತ್ತಿ, ಸಾಕು."

ಜಾವಗಲ್ ಸಿಗುವ ಮುಂಚಿನ ಏರಿನಲ್ಲಿ ಅವಳು ಕಾಲು ಒತ್ತಿದಳು.

"ಈಗ. ಕೇಳಿಸ್ತಾ?"

ಇಂದುಧರ ಕಣ್ಣು ಮುಚ್ಚಿದ್ದ. ಹ್ಞೂಂ ಎನ್ನಬಹುದಾಗಿತ್ತು. ಹ್ಞೂಂ ಎಂದು ಗಾಡಿ ಒಯ್ದು ಗುಟ್ಟಾಗಿ ಸರಿಮಾಡಿದ್ದರೆ ಕಾರು ಉಳಿಯುತ್ತಿತ್ತು, ಅವನ ಹೆಸರೂ ಉಳಿಯುತ್ತಿತ್ತು. ಅವನಿಗೆ ಎದುರಿಗೆ ಮುಚ್ಚಿದ ಪುಸ್ತಕವೊಂದು ಕಂಡಂತಾಯಿತು.

"ಇಲ್ಲ," ಎಂದ.

"ಈಗ್ಲೂ ಬರ್ತಾ ಇದೆಯಲ್ಲ, ಚಟಚಟ."

"ಬತ್ತಾ ಇರ್ತದೆ. ನನಗೆ ಕೇಳಿಸ್ತಾ ಇಲ್ಲ ಟೀಚರಮ್ಮ. ಅವತ್ತೂ ಕೇಳಿಸಿರಲಿಲ್ಲ."

ಅವಳು ಕಾರನ್ನು ರಸ್ತೆಯ ಅಂಚಿಗೆ ತಂದು ಎಂಜಿನ್ನು ಆರಿಸಿದಳು.

"ಗೊತ್ತಿತ್ತಾ ನಿಮಗೆ?"

"ಅನುಮಾನ ಇತ್ತು. ಒಂದು ತಿಂಗ್ಳಿಂದ."

"ಮೂರು ದಿನ ನಾನು ಇದರಲ್ಲಿ ಲಾರಿ ಪಕ್ಕ ನುಗ್ಗಿದೀನಿ. ನಿಮ್ಮ ಒಂದು ಹ್ಞೂಂ ನಂಬ್ಕೊಂಡು." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಮ್ಮ ಕ್ಲಾಸಲ್ಲಿ ಬೋರ್ಡು ಕಾಣದಿದ್ರೂ ಕಾಣ್ತದೆ ಮಿಸ್ ಅಂತಾರೆ ಮಕ್ಕಳು. ಕನ್ನಡಕ ಹಾಕಬೇಕಾಗ್ತದಲ್ಲ ಅನ್ನೋ ನಾಚಿಕೆಗೆ. ಆದ್ರೆ ಅವರಿಗೆ ಹನ್ನೆರಡು ವರ್ಷ."

"ನನಗೆ ಐವತ್ತಾರು."

"ಅದನ್ನೇ ಹೇಳಿದ್ದು."

ಇಂದುಧರ ಫೋನು ತೆಗೆದು ಶಶಿಕಿರಣ್‌ಗೆ ಲ್ಯಾಪ್‌ಟಾಪು ತಗೊಂಡು ಬೈಕಿನಲ್ಲಿ ಬರಲು ಹೇಳಿದ. ಯಾಕೆಂದು ಅವನು ಕೇಳಿದಾಗ, ಅವಳ ಎದುರಿಗೇ ಎಲ್ಲವನ್ನೂ ಹೇಳಿದ.

ಶಶಿಕಿರಣ್ ಬಂದವನು ಹೆಲ್ಮೆಟ್ಟು ತೆಗೆಯುವ ಮೊದಲೇ, "ಸೋಪ್ ನೀರು ಹಚ್ಚಿದಾಗ್ಲೇ ಕೇಳ್ದೆ ನಾನು," ಎಂದ. "ಒಂದು ಮಾತು ಹೇಳಿದ್ರೆ ನಾನ್ಯಾಕೆ ಸೆನ್ಸರ್‌ಗೆ ಕೈ ಹಾಕ್ತಿದ್ದೆ ಮಾವ? ನಿಮ್ಮ ಕಿವಿ ಲೆಕ್ಕಕ್ಕೆ ಹಿಡ್ಕೊಂಡು ಮಾಡಿದ್ದು ನಾನು."

"ತಪ್ಪಾಯ್ತು ಕಣೋ."

ಮಾವನ ಬಾಯಿಂದ ಆ ಮಾತನ್ನು ಅವನು ಕೇಳಿರಲಿಲ್ಲ. ಹೆಲ್ಮೆಟ್ಟನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ.

"ಕಿಡಿನ ಮೊದಲಿದ್ದಲ್ಲಿಗೇ ಇಡ್ತೀನಿ," ಎಂದ ಆಮೇಲೆ. "ಸಿಡಿತ ನಿಲ್ತದೆ. ಆದ್ರೆ ಆ ತಡನೂ ವಾಪಸ್ ಬರ್ತದೆ ಮೇಡಂ."

ಹೇಮಲತಾಳ ಮುಖದಲ್ಲಿ ಮತ್ತೆ ಆ ಬಸ್ಸು, ಆ ಟ್ರಾಕ್ಟರು.

"ಮೊದಲಿದ್ದಲ್ಲಿಗಲ್ಲ," ಎಂದ ಇಂದುಧರ. "ಇನ್ನೂ ಹಿಂದಕ್ಕೆ ಹಾಕು."

"ಹಿಂದಕ್ಕೆ ಹಾಕಿದ್ರೆ ಎಂಜಿನ್ ಮಂಕಾಗ್ತದೆ ಮಾವ."

"ಎಲ್ಲಾ ಕಡೆ ಬ್ಯಾಡ. ಟರ್ಬೊ ಏಳೋ ಜಾಗ ಐತಲ್ಲ, ಅಲ್ಲಿ ಮಾತ್ರ. ನೋಡು, ಮುಂಚೆ ಪೆಟ್ರೋಲ್ ಜೀಪುಗಳು ಬತ್ತಿದ್ವು. ಟೈಮಿಂಗ್ ಹಿಂದೆ ಬಿದ್ದಿದ್ರೆ ಹೊಗೆ ಪೈಪು ಬುಡದಲ್ಲಿ ಕೆಂಡದಂಗೆ ಕಾಯ್ತಿತ್ತು. ಕಿಡಿ ತಡವಾದ್ರೆ ಬೆಂಕಿ ಪೂರ್ತಿ ಒಳಗೇ ಮುಗಿಯಾಕಿಲ್ಲ, ಅರ್ಧ ಬಿಸಿ ಹೊಗೆ ಜೊತೆ ಆಚೆಗೆ ಹೋಗ್ತದೆ. ಆಗ ಅದು ದಂಡ. ಜೀಪಿಗೆ ಟರ್ಬೊ ಎಲ್ಲಿತ್ತು. ಇದಕ್ಕೆ ಐತೆ. ನಿನ್ನ ಚಕ್ರ ತಿರುಗೋದು ಆ ಬಿಸಿಯಿಂದ್ಲೇ ಅಲ್ವೇನೋ?"

ಶಶಿಕಿರಣ್ ಬಾನೆಟ್ಟಿನ ಮೇಲೆಯೇ ಲ್ಯಾಪ್‌ಟಾಪು ತೆರೆದ.

"ಎಂಜಿನ್ ಅಲ್ಲಿ ಒಂಚೂರು ಬಿಟ್ಟುಕೊಡ್ತದೆ, ಚಕ್ರ ಬೇಗ ಏಳ್ತದೆ," ಎಂದು ತನಗೇ ಹೇಳಿಕೊಂಡ. "ಚಕ್ರ ಎದ್ದ ಮೇಲೆ ಕಿಡಿ ಅದರ ಜಾಗಕ್ಕೆ ಬರ್ತದೆ. ಈಗಿರೋದ್ರಿಂದ ಎರಡು ಡಿಗ್ರಿ ಹಿಂದಕ್ಕೆ ಶುರು ಮಾಡಿ, ಮೊದಲಿದ್ದ ಜಾಗ ದಾಟೋವರ್ಗೂ ಹೋಗೋಣ. ಸೆನ್ಸರು ಮೊದಲಿನ ಹಾಗೇ ಇರ್ಲಿ. ರಬ್ಬರಿನ ಗಡಗಡ ಅಂತ ನಾನು ತಳ್ಳಿಹಾಕಿದ್ದೇ ತಪ್ಪು. ಈಗ ಅದು ಕಿರುಚಿದ್ರೆ ನಿಜವಾಗ್ಲೂ ಸಿಡೀತಿದೆ ಅಂತ್ಲೇ ಲೆಕ್ಕ."

"ನನ್ನ ಕಿವೀನೂ ಇಟ್ಕೊಳ್ಳಿ ಜೊತೆಗೆ," ಎಂದಳು ಹೇಮಲತಾ. "ಮೂವತ್ತೆಂಟು ಮಕ್ಕಳ ಕ್ಲಾಸಲ್ಲಿ ಯಾರು ಪಿಸುಗುಟ್ಟಿದ್ರು ಅಂತ ಬೆನ್ನು ತಿರುಗ್ಸಿ ಹೇಳ್ತೀನಿ ನಾನು."

ಹತ್ತಿದರು. ಅವಳು ಸ್ಟಿಯರಿಂಗಿನ ಮುಂದೆ, ಶಶಿಕಿರಣ್ ಪಕ್ಕದಲ್ಲಿ, ಇಂದುಧರ ಹಿಂದಿನ ಸೀಟಿನಲ್ಲಿ. ತನ್ನ ಗ್ಯಾರೇಜಿನ ಗಾಡಿಯೊಂದರ ಪರೀಕ್ಷೆಯಲ್ಲಿ ಅವನು ಹಿಂದೆ ಕೂತದ್ದು ಅದೇ ಮೊದಲು. ಎರಡು ಡಿಗ್ರಿಗೆ ಅವಳು, "ಇದೆ, ಕಮ್ಮಿ ಆಗಿದೆ," ಎಂದಳು. ಲ್ಯಾಪ್‌ಟಾಪೂ ಅದನ್ನೇ ಹೇಳಿತು. ಮೂರಕ್ಕೆ, "ಒಂದೇ ಒಂದು ಕಾಳು," ಎಂದಳು. ಪ್ರತಿ ಸಲವೂ ಏರಿನ ಕೆಳಗೆ ಹೋಗಿ ತಿರುಗಿಸಿಕೊಂಡು ಬರಬೇಕು. ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಾಲ್ಕನೇ ಸಲ ಇವರನ್ನು ಕಂಡಾಗ ಕೈಯೆತ್ತಿ ನಿಲ್ಲಿಸಿ, "ದಾರಿ ತಪ್ಪೈತಾ? ಯಾವೂರಿಗೆ ಹೋಗ್ಬೇಕು?" ಎಂದು ಕೇಳಿದ.

ನಾಲ್ಕು ಡಿಗ್ರಿಗೆ ಅವಳು ಏರಿನ ತುದಿಯವರೆಗೂ ಏನೂ ಹೇಳಲಿಲ್ಲ. ಶಶಿಕಿರಣ್ ತೆರೆಯ ಮೇಲಿನ ಸೆನ್ಸರಿನ ಗೆರೆ ನೋಡುತ್ತಿದ್ದ. ಅದೂ ನೆಟ್ಟಗಿತ್ತು. ಇಂದುಧರನಿಗೆ ಎಂದಿನ ದಪ್ಪ ದನಿಯೇ ಕೇಳಿಸಿತು. ಆದರೆ ಬೆನ್ನಿಗೆ ಗೊತ್ತಾಯಿತು. ಅವಳು ಕಾಲು ಒತ್ತಿದ್ದಕ್ಕೂ ಸೀಟು ಬೆನ್ನನ್ನು ನೂಕಿದ್ದಕ್ಕೂ ನಡುವೆ ಮೊದಲಿದ್ದ ಆ ಕಣಿವೆ ಇರಲಿಲ್ಲ. ಒಂದು ಉಸಿರಿನಷ್ಟು ಉಳಿದಿತ್ತೇನೋ.

"ಪೂರ್ತಿ ಹೋಗಿಲ್ಲ, ಅಲ್ವಾ?" ಎಂದಳು ಹೇಮಲತಾ.

"ಪೂರ್ತಿ ಹೋಗಲ್ಲ ಮೇಡಂ," ಎಂದ ಶಶಿಕಿರಣ್. "ಆದ್ರೆ ದಿನಾ ಇಷ್ಟೇ ಇರ್ತದೆ. ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ ಆಗಲ್ಲ."

"ಇಷ್ಟು ಅಂತ ಗೊತ್ತಿದ್ರೆ ಸಾಕು. ಅದನ್ನ ಸೇರಿಸ್ಕೊಂಡೇ ಲೆಕ್ಕ ಹಾಕ್ತೀನಿ." ಅವಳು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದಳು. "ಹಾಸನದಲ್ಲಿ ಕಿವಿ ಡಾಕ್ಟರ್ ಇದಾರೆ ಇಂದುಧರಣ್ಣ. ನಮ್ಮತ್ತೆ ರುಕ್ಮಿಣಮ್ಮನವ್ರನ್ನ ಕರ್ಕೊಂಡು ಹೋಗಿದ್ವಿ. ನಂಬರ್ ಕೊಡ್ತೀನಿ."

"ಕೊಡಿ," ಎಂದ ಇಂದುಧರ.

ಬೈಕನ್ನು ಜಾವಗಲ್ಲಿನ ಪರಿಚಯದ ಅಂಗಡಿಯ ಮುಂದೆ ಬಿಟ್ಟು ಮೂವರೂ ಅರಸೀಕೆರೆಯ ಕಡೆ ಹೊರಟರು. ಇಂದುಧರ ಬೆರಳು ಮಡಚಿ ಎಣಿಸುತ್ತಿದ್ದ. ಆ ಗಮಕಿ ಬಂದುಹೋದ ಮೇಲೆ ಅವನ ಹ್ಞೂಂ ಪಡೆದು ಹೋದ ಗಾಡಿಗಳು ಇದನ್ನು ಬಿಟ್ಟು ಐದು.

"ಐದು ಗಾಡಿನೂ ವಾಪಸ್ ಕರೀಬೇಕು ಕಣೋ."

ಶಶಿಕಿರಣ್ ಹಿಂದಕ್ಕೆ ತಿರುಗಿದ. "ಅವಕ್ಕೆಲ್ಲ ಸೆನ್ಸರ್ ಸರಿಯಾಗೇ ಇದೆ ಮಾವ. ಅವನ್ನ ನಾನು ಮುಟ್ಟಿಲ್ಲ. ಏನೂ ಆಗಲ್ಲ."

"ಆಗ್ದೇ ಇರಬಹುದು. ಅವರು ತಗೊಂಡು ಹೋಗಿದ್ದು ಸೆನ್ಸರ್ ಮಾತಲ್ಲ."

"ಫ್ರೀ ಸರ್ವಿಸ್ ಅಂತ ಹೇಳಿ ಕರೆಯೋಣ ಹಂಗಾದ್ರೆ. ಎಲ್ರಿಗೂ ಕಿವಿ ವಿಷಯ ಹೇಳಿದ್ರೆ ನಾಳೆಯಿಂದ ಯಾರು ಬರ್ತಾರೆ?"

"ಬರೋರು ಬತ್ತಾರೆ," ಎಂದು ಇಂದುಧರ ಫೋನು ತೆಗೆದ.

ಮೊದಲನೆಯದು ಬೇಲೂರಿನ ಚನ್ನೇಶನಿಗೆ. ಪ್ರವಾಸಿಗರನ್ನು ಕರೆದೊಯ್ಯುವ ಎರಡು ಟ್ಯಾಕ್ಸಿ ಇಟ್ಟುಕೊಂಡವನು, ಬಾಯಿ ಜೋರು. ಫೋನಿನ ದನಿ ಕಾರಿನೊಳಗೆ ಎಲ್ಲರಿಗೂ ಕೇಳಿಸುವಷ್ಟಿತ್ತು. ಇಂದುಧರನೇ ಹಾಗಿಟ್ಟಿದ್ದ.

"ಏನ್ ಗುರುಗಳೇ, ನೀವೇ ಫೋನ್ ಮಾಡೋಷ್ಟು ದೊಡ್ಡೋನಾದ್ನಾ ನಾನು?"

"ಚನ್ನೇಶ, ಹೋದ ವಾರ ಒಯ್ದ್ಯಲ್ಲ, ಆ ಬಿಳೀ ಗಾಡಿ..."

"ಚಿನ್ನದಂಗೆ ಐತೆ. ಈಗ ಯಾಕೆ?"

ಆಗ ಮುಂದೆ ಲಾರಿಯೊಂದು ಸಿಕ್ಕಿತು. ಕಾಯಿ ಹೇರಿಕೊಂಡು, ಹಿಂದೆ ಬಲೆ ಕಟ್ಟಿಕೊಂಡು, ರಸ್ತೆಯ ಮಧ್ಯದಲ್ಲೇ ಹೋಗುತ್ತಿತ್ತು. ಹೇಮಲತಾ ಅದರ ಹಿಂದೆ ಸ್ವಲ್ಪ ದೂರ ಹೋದಳು. ಅವಳು ಒಂದು ಸಲ ಬಲಕ್ಕೆ ಸರಿದು ನೋಡಿದಳು, ಮತ್ತೆ ಎಡಕ್ಕೆ ಬಂದಳು. ದೂರದ ತಿರುವಿನಲ್ಲಿ ಒಂದು ಬೈಕು ಬಂದು ದಾಟಿಹೋಯಿತು. ಅವಳು ಹಾರ್ನು ಒತ್ತಿ, ಗೇರು ಇಳಿಸಿ, ಕಾಲು ಒತ್ತಿದಳು. ಕಾರು ಯೋಚನೆ ಮಾಡಲಿಲ್ಲ. ಲಾರಿಯ ಹಲಗೆ, ಚಕ್ರ, ಬಾಗಿಲಿಗೆ ಕೈ ಚಾಚಿ ಕೂತ ಡ್ರೈವರು ಒಂದೊಂದಾಗಿ ಕಿಟಕಿಯ ಪಕ್ಕ ಹಿಂದೆ ಸರಿದವು. ಮುಂದೆ ಖಾಲಿ ರಸ್ತೆ ಬಂತು. ಅವಳು ತನ್ನ ಸಾಲಿಗೆ ಸೇರಿಕೊಂಡಳು.

"ಹಲೋ? ಗುರುಗಳೇ, ಇದೀರಾ?" ಎನ್ನುತ್ತಿದ್ದ ಚನ್ನೇಶ.

"ಇದೀನಿ," ಎಂದ ಇಂದುಧರ. "ಗಾಡಿ ನಾಳೆ ಇನ್ನೊಂದ್ಸಲ ತಗೊಂಡ್ ಬಾ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಕೇಳು. ನಡುವೆ ಬಾಯಿ ಹಾಕ್ಬ್ಯಾಡ."